ಘಾಟಿಯ ದಾರಿಗೆ ಎಂಥ ಕಾರು?

ಬೆಂಗಳೂರಿನಿಂದ ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿಬರುವ ಕುಟುಂಬಕ್ಕೆ ಕಾರು ಆರಿಸುವಾಗ ನಾನು ಮೊದಲು ನೋಡುವುದು ಎಂಜಿನ್ನಿನ ಗರಿಷ್ಠ ಅಶ್ವಶಕ್ತಿಯನ್ನಲ್ಲ, ರಸ್ತೆಗುಂಡಿಯ ಪೆಟ್ಟು ಹಿಂದಿನ ಸೀಟಿನಲ್ಲಿ ಕುಳಿತ ಹಿರಿಯರ ಬೆನ್ನಿಗೆ ಎಷ್ಟು ತಲುಪುತ್ತದೆ ಎಂಬುದನ್ನು. ಆ ಗರಿಷ್ಠ ಶಕ್ತಿ ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ನಿಮಿಷಕ್ಕೆ 5000-6000 ಸುತ್ತುಗಳ ಆಸುಪಾಸಿನಲ್ಲಷ್ಟೇ ದೊರೆಯುತ್ತದೆ. ಏರುದಾರಿಯಲ್ಲಿ ಲಾರಿಯ ಹಿಂದೆ ನಿಧಾನವಾಗಿ ಸಾಗುವಾಗ ನೆರವಾಗುವುದು ಕಡಿಮೆ ಸುತ್ತಿನಲ್ಲೇ ಸಿಗುವ ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ. ಟೈರನ್ನೂ ಗಮನಿಸಬೇಕು: 195/65 ಅಳತೆಯ (ಅಗಲ 195 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ. 65) ಟೈರಿನ ಪಕ್ಕದ ಗೋಡೆ ಸುಮಾರು 127 ಮಿಲಿಮೀಟರ್ ಎತ್ತರವಿದ್ದರೆ, 205/55 ಅಳತೆಯದ್ದು 113 ಮಾತ್ರ. ಹೀಗೆ ಗೋಡೆ ಗಿಡ್ಡವಾದ ಟೈರು ಸಾಮಾನ್ಯವಾಗಿ ದೊಡ್ಡ ಚಕ್ರದ ಜೊತೆ ಬರುತ್ತದೆ. ನೋಡಲು ದೊಡ್ಡ ಚಕ್ರವೇ ಚೆಂದ, ಆದರೆ ಆಘಾತ ಹೀರಿಕೊಳ್ಳುವ ಗಾಳಿಯ ಪದರ ಅಷ್ಟರ ಮಟ್ಟಿಗೆ ತೆಳುವಾಗಿರುತ್ತದೆ. ಹಾಗೆಂದು ತೀರಾ ಮೆದುವಾದ ಸಸ್ಪೆನ್ಷನ್ (ಚಕ್ರಕ್ಕೆ ಬಿದ್ದ ಪೆಟ್ಟನ್ನು ತಡೆಯುವ ಸ್ಪ್ರಿಂಗ್ ವ್ಯವಸ್ಥೆ) ಕೂಡ ಒಳ್ಳೆಯದಲ್ಲ. ತಿರುವುಗಳಲ್ಲಿ ಕಾರು ವಾಲಿ ಮಕ್ಕಳಿಗೆ ವಾಂತಿ ಬರುತ್ತದೆ. ಆದ್ದರಿಂದ ಮನೆಯವರೆಲ್ಲರನ್ನೂ ಹತ್ತಿಸಿಕೊಂಡು, ಕೆಟ್ಟ ರಸ್ತೆಯಲ್ಲೇ ಟೆಸ್ಟ್ ಡ್ರೈವ್ ಮಾಡಬೇಕೆಂದು ನಾನು ಕೇಳಿದವರಿಗೆಲ್ಲ ಒತ್ತಿ ಹೇಳುತ್ತೇನೆ.