ಸರಪಳಿ ಎಳೆದ ಗೆರೆಯ ಹಿಂದೆ

ಬೆಳಗಿನ ಆರೂವರೆ. ಮತ್ತಿಗೋಡು ಆನೆ ಶಿಬಿರದ ಹಿಂದಿನ ಕಾಡಿನಲ್ಲಿ ನಾವು ನಾಲ್ಕು ಜನ ನೆಲ ನೋಡಿಕೊಂಡು ನಡೆಯುತ್ತಿದ್ದೆವು. ಒಣ ಮಣ್ಣಿನ ಮೇಲೆ ಉದ್ದಕ್ಕೆ ಒಂದು ಗೆರೆ ಬಿದ್ದಿತ್ತು. ಅದರ ಎರಡೂ ಬದಿಗೆ ತರಗೆಲೆ ಸರಿದಿತ್ತು. ರಾತ್ರಿ ಮೇಯಲು ಬಿಟ್ಟ ಆನೆ ಕಾಲಿನ ಸರಪಳಿ ಎಳೆದುಕೊಂಡು ಹೋದ ಗುರುತು ಅದು. ಮುಂದೆ ಮಾವುತ, ಅವರ ಹಿಂದೆ ಅವರ ಸಹಾಯಕ ಕಾವಾಡಿ ಹುಡುಗ, ಆಮೇಲೆ ನನ್ನ ಗೆಳತಿ, ಕೊನೆಯಲ್ಲಿ ಐಸ್ ಬಾಕ್ಸ್ ಹಿಡಿದ ನಾನು.

ಗೆಳತಿ ಕಾಡುಪ್ರಾಣಿಗಳ ಹಾರ್ಮೋನ್ ಬಗ್ಗೆ ಅಧ್ಯಯನ ಮಾಡುವವಳು. ಅರಣ್ಯ ಇಲಾಖೆಯ ಅನುಮತಿ ಪಡೆದು ಲದ್ದಿ ಸಂಗ್ರಹಕ್ಕೆ ಬಂದಿದ್ದಳು. ಸಹಾಯಕ್ಕೆ ಒಬ್ಬರು ಬೇಕು ಅಂದಾಗ ನಾನೇ ಕೇಳಿಕೊಂಡು ಹೊರಟೆ. ಅದಕ್ಕೆ ಒಂದು ಹಳೆಯ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಕಡೆ ಕಟ್ಟಿಹಾಕಿದ್ದ ಆನೆಯನ್ನು ನೋಡಿದ್ದೆ. ಅದು ನಿಂತಲ್ಲೇ ಎಡಕ್ಕೆ ಬಲಕ್ಕೆ ತೂಗುತ್ತಲೇ ಇತ್ತು. ಸುತ್ತ ನಿಂತವರು ಆನೆ ಕುಣಿಯುತ್ತಿದೆ ಎಂದು ಮಕ್ಕಳಿಗೆ ತೋರಿಸುತ್ತಿದ್ದರು. ನನಗೆ ಅದು ಕುಣಿತ ಅನ್ನಿಸಲಿಲ್ಲ. ಹಾಗಾದರೆ ಏನು ಎಂದು ಹೇಳಲೂ ಬರಲಿಲ್ಲ. ಮಾತಾಡದ ಪ್ರಾಣಿಯ ಸಂಕಟವನ್ನು ಅಳೆಯುವುದು ಹೇಗೆ? ಆ ಪ್ರಶ್ನೆ ಅಲ್ಲಿಂದಲೇ ನನ್ನ ಜೊತೆ ಬಂದದ್ದು.

ಹಿಂದಿನ ದಿನ ಮೈಸೂರಿನಿಂದ ಹುಣಸೂರು ದಾಟಿ, ಗೋಣಿಕೊಪ್ಪದ ದಾರಿ ಹಿಡಿದು ಬಂದಿದ್ದೆವು. ಮಾರ್ಚ್ ನಡುಭಾಗ. ಆನೆಚೌಕೂರು ಗೇಟ್ ದಾಟಿದರೆ ಎರಡೂ ಕಡೆ ನಾಗರಹೊಳೆ ಕಾಡು. ತೇಗದ ಎಲೆಯೆಲ್ಲ ಉದುರಿ ದೂರದವರೆಗೂ ಬಯಲಾಗಿ ಕಾಣುತ್ತಿತ್ತು. ರಸ್ತೆ ಪಕ್ಕದಲ್ಲಿ ಲಂಟಾನ ಮಾತ್ರ ಬಿಡದೆ ಬೆಳೆದಿತ್ತು. ಅದರಡಿ ಹುಲ್ಲು ಬೆಳೆಯುವುದಿಲ್ಲ, ಆನೆ ಅದನ್ನು ತಿನ್ನುವುದಿಲ್ಲ. ಬೇಸಿಗೆಯ ಹಸಿವು ಹೇಗಿರುತ್ತದೆ ಎಂದು ಕಾರಿನಲ್ಲಿ ಕೂತೇ ಅಂದಾಜಾಯಿತು.

ಅರ್ಧ ಗಂಟೆ ನಡೆದ ಮೇಲೆ ಮಾವುತ ಅಣ್ಣ ಕೈ ಎತ್ತಿದರು. ಬಿದಿರು ಮೆಳೆಯ ಹತ್ತಿರ ಲದ್ದಿ ಬಿದ್ದಿತ್ತು. ಇನ್ನೂ ಬೆಚ್ಚಗಿತ್ತು. "ಈಗಷ್ಟೇ ಮೇಡಂ, ಅರ್ಧ ಗಂಟೆಯೂ ಆಗಿಲ್ಲ" ಅಂದರು. ಗೆಳತಿ ಗ್ಲೌಸ್ ಹಾಕಿಕೊಂಡು ಕೂತಳು. ಮೂತ್ರ ತಾಗಿದ ಉಂಡೆಗಳನ್ನು ಬಿಟ್ಟಳು. ಉಳಿದವನ್ನು ಒಡೆದು, ಮೇಲಿನ ಭಾಗ ಬಿಟ್ಟು, ನಡುವಿನಿಂದ ಚೂರು ಚೂರು ತೆಗೆದು ಕಲಸಿದಳು. ಒಂದೇ ಉಂಡೆಯಲ್ಲೂ ಹಾರ್ಮೋನ್ ಎಲ್ಲ ಕಡೆ ಸಮವಾಗಿ ಇರುವುದಿಲ್ಲವಂತೆ. ಅದಕ್ಕೇ ಕಲಸುವುದು. ಕೊಳವೆಗೆ ತುಂಬಿ, ಆನೆಯ ಹೆಸರು, ಸಮಯ, ಜಾಗ ಬರೆದು ಐಸ್ ಮೇಲೆ ಇಟ್ಟಳು.

"ರಕ್ತ ತೆಗೆದರೆ ಸುಲಭ ಅಲ್ವಾ?" ಎಂದು ಕೇಳಿದೆ.

"ಸೂಜಿ ಹಿಡಿದು ಹತ್ತಿರ ಹೋದರೇ ಅದಕ್ಕೆ ಹೆದರಿಕೆ. ಕೆಲವೇ ನಿಮಿಷದಲ್ಲಿ ರಕ್ತದಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಏರುತ್ತದೆ. ಆಗ ನಾನು ಅಳೆಯುವುದು ನಾನೇ ಕೊಟ್ಟ ಹೆದರಿಕೆಯನ್ನು" ಅಂದಳು.

ಆ ಉತ್ತರ ನನಗೆ ತುಂಬ ಹಿಡಿಸಿತು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿ, ಮಿದುಳಿನಿಂದ ಸುದ್ದಿ ಬಂದ ಕೂಡಲೇ ಕಾರ್ಟಿಸೋಲ್ ಬಿಡುತ್ತದೆ. ಓಡಲು, ಎದುರಿಸಲು ಬೇಕಾದ ಸಕ್ಕರೆ ರಕ್ತಕ್ಕೆ ಸೇರುತ್ತದೆ. ಕೆಲಸ ಮುಗಿದ ಹಾರ್ಮೋನನ್ನು ಪಿತ್ತಜನಕಾಂಗ ಒಡೆಯುತ್ತದೆ. ಆ ಚೂರುಗಳು ಪಿತ್ತರಸದ ಜೊತೆ ಕರುಳಿಗೆ ಇಳಿದು ಲದ್ದಿಯಲ್ಲಿ ಹೊರಗೆ ಬರುತ್ತವೆ. ಆನೆಯ ವಿಷಯದಲ್ಲಿ ಇದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಹಾಗಾಗಿ ಇಂದಿನ ಲದ್ದಿಯಲ್ಲಿ ಇರುವುದು ನಿನ್ನೆ ಮೊನ್ನೆಯ ಕಥೆ. ಆನೆಯನ್ನು ಮುಟ್ಟಬೇಕಿಲ್ಲ, ಅದರ ಕಣ್ಣಿಗೆ ಬೀಳಬೇಕೆಂದೂ ಇಲ್ಲ.

ಆದರೆ ಲದ್ದಿ ಹೊಸದಾಗಿರಬೇಕು. ಬಿದ್ದ ಮೇಲೂ ಸೂಕ್ಷ್ಮಜೀವಿಗಳು ಒಳಗೆ ಕೆಲಸ ಮಾಡುತ್ತಲೇ ಇರುತ್ತವೆ, ಹಾರ್ಮೋನಿನ ಚೂರುಗಳನ್ನು ಬದಲಿಸುತ್ತವೆ. ಏಷ್ಯಾದ ಆನೆಯ ಲದ್ದಿಯಲ್ಲಿ ಇವು ಬಿಸಿ ಹವೆಯಲ್ಲೂ 8 ಗಂಟೆಯವರೆಗೆ ಕೆಡದೆ ಉಳಿಯುತ್ತವೆ ಎಂದು 2016ರ ಒಂದು ಅಧ್ಯಯನ ತೋರಿಸಿತು. ಕಾಡಾನೆಯ ಹಿಂದೆ ಹೋಗುವವರಿಗೆ ಈ 8 ಗಂಟೆ ಎಷ್ಟು ದೊಡ್ಡ ವರ ಎಂದು, ಒಂದು ಬೆಳಿಗ್ಗೆ ನಡೆದವರಿಗೆ ಗೊತ್ತಾಗುತ್ತದೆ.

ಗೆರೆ ಮುಗಿದ ಕಡೆ ಆನೆ ನಿಂತಿತ್ತು. ವಯಸ್ಸಾದ ಹೆಣ್ಣಾನೆ. ಮಾವುತ ಅಣ್ಣ ಹತ್ತಿರ ಹೋಗಿ, ಮಾತಾಡಿಸುತ್ತಲೇ ಸುತ್ತ ಒಂದು ಸಲ ಬಂದರು. ಎರಡೂ ಮಗ್ಗುಲು ನೋಡಿದರು. ಮುಖ ಸ್ವಲ್ಪ ಸಪ್ಪಗಾಯಿತು.

"ಇವತ್ತೂ ಮಲಗಿಲ್ಲ."

ಹೇಗೆ ಗೊತ್ತಾಯಿತು ಎಂದು ಕೇಳಿದೆ. ಆನೆ ಮಲಗಿ ಎದ್ದರೆ ಒಂದು ಮಗ್ಗುಲಿಗೆ ಮಣ್ಣು, ಎಲೆ ಅಂಟಿಕೊಂಡಿರುತ್ತದೆ. ನಿಂತೇ ತೂಕಡಿಸಿದರೆ ಏನೂ ಇರುವುದಿಲ್ಲ. ಕಾಲು ನೋವಿದ್ದರೆ, ಮನಸ್ಸಿಗೆ ಸರಿಯಿಲ್ಲದಿದ್ದರೆ, ಜಾಗ ಹೊಸದಾದರೆ ಮಲಗುವುದಿಲ್ಲ. ಈ ಆನೆ ನಾಲ್ಕು ದಿನದಿಂದ ಮಲಗಿಲ್ಲ ಎಂದರು. ಅವರು ಜೇನುಕುರುಬರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕಾವಾಡಿಯಾಗಿ ಶುರುಮಾಡಿದವರು.

ಗೆಳತಿ ಕೂಡಲೇ ಪುಸ್ತಕ ತೆಗೆದು ಅದನ್ನು ಬರೆದುಕೊಂಡಳು. ಸುಮ್ನೆ ಬರೆದದ್ದಲ್ಲ. ಉತ್ತರ ಅಮೆರಿಕದ ಮೃಗಾಲಯಗಳಲ್ಲಿ ಆನೆಗಳ ಕಾಲಿಗೆ ಅಳತೆಯ ಪಟ್ಟಿ ಕಟ್ಟಿ ನೋಡಿದ್ದಾರಂತೆ. ಅಲ್ಲಿನ ಏಷ್ಯಾದ ಆನೆಗಳು ರಾತ್ರಿಗೆ ಸರಾಸರಿ 3 ಗಂಟೆಗೂ ಸ್ವಲ್ಪ ಜಾಸ್ತಿ ಹೊತ್ತು ಮಲಗಿದ್ದವು. ಮೆತ್ತನೆಯ ನೆಲ ಸಿಕ್ಕರೆ ಹೆಚ್ಚು ಮಲಗುತ್ತವೆ, ಕಾಂಕ್ರೀಟಿನ ಮೇಲೆ ಕಡಿಮೆ. ಆಫ್ರಿಕಾದ ಚೋಬೆಯಲ್ಲಿ ಎರಡು ಕಾಡಾನೆಗಳ ನಿದ್ದೆ ಅಳೆದಾಗ ಕಂಡದ್ದು ದಿನಕ್ಕೆ ಸುಮಾರು 2 ಗಂಟೆ. ಅದರಲ್ಲೂ ನೆಲಕ್ಕೆ ಒರಗಿ ಮಲಗಿದ್ದು ಮೂರು ನಾಲ್ಕು ದಿನಕ್ಕೊಮ್ಮೆ. ಹಾಗಾಗಿ ಮಲಗದೆ ಇರುವುದೇ ಕಾಯಿಲೆ ಅಲ್ಲ. ಈ ಆನೆ ದಿನಾ ಮಲಗುತ್ತಿತ್ತು, ಈಗ ಮಲಗುತ್ತಿಲ್ಲ ಎಂಬುದು ವಿಷಯ. ಅದನ್ನು ಹೇಳಲು ಆ ಆನೆಯನ್ನೇ ದಿನಾ ನೋಡುವವರು ಬೇಕು.

ಶಿಬಿರಕ್ಕೆ ವಾಪಸ್ ಬಂದಾಗ ಉಳಿದ ಆನೆಗಳು ಸ್ನಾನಕ್ಕೆ ಬಂದಿದ್ದವು. ಗೆಳತಿ ಒಂದೊಂದರ ಪಕ್ಕದಲ್ಲೂ ನಿಂತು ಮೈಕಟ್ಟಿಗೆ ಅಂಕ ಹಾಕಿದಳು. ಪಕ್ಕೆಲುಬು ಎದ್ದು ಕಾಣುತ್ತದೆಯೇ, ಬೆನ್ನುಮೂಳೆಯ ಪಕ್ಕ ಗುಳಿ ಬಿದ್ದಿದೆಯೇ, ಸೊಂಟದ ಮೂಳೆ ಚೂಪಾಗಿದೆಯೇ ಎಂದು ನೋಡುತ್ತಾರೆ. ಬಂಡೀಪುರ, ಮುದುಮಲೆ ಭಾಗದ ಕಾಡಾನೆಗಳ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಜೀತಾ ಪೋಖರೆಲ್, ಪೊಲಾನಿ ಶೇಷಗಿರಿ, ರಾಮನ್ ಸುಕುಮಾರ್ ಹೀಗೇ ಮೈಕಟ್ಟು ಮತ್ತು ಲದ್ದಿ ಎರಡನ್ನೂ ಜೋಡಿಸಿ ನೋಡಿದ್ದರು. 2017ರಲ್ಲಿ ಅದು ಪ್ರಕಟವಾಯಿತು. ಬೇಸಿಗೆಯಲ್ಲಿ ಆನೆ ಬಡವಾಗುತ್ತದೆ, ಬಡವಾದ ಆನೆಯ ಲದ್ದಿಯಲ್ಲಿ ಒತ್ತಡದ ಹಾರ್ಮೋನ್ ಜಾಸ್ತಿ. ನಾವು ಬಂದ ದಾರಿಯ ಆ ಬೋಳು ಕಾಡು ನನಗೆ ಮತ್ತೆ ನೆನಪಾಯಿತು.

ಶಿಬಿರದ ಒಂದು ಅಂಚಿನಲ್ಲಿ ಕ್ರಾಲ್ ಇತ್ತು. ಸೆರೆಹಿಡಿದ ಕಾಡಾನೆಯನ್ನು ಪಳಗಿಸುವ ದಪ್ಪ ದಿಮ್ಮಿಗಳ ಗೂಡು. ಆ ದಿನ ಖಾಲಿ ಇತ್ತು. ದಿಮ್ಮಿಗಳ ಒಳಮೈ ಉಜ್ಜಿ ಉಜ್ಜಿ ನುಣುಪಾಗಿತ್ತು. ಕೈಯಿಟ್ಟೆ. ಎಷ್ಟು ಆನೆಗಳ ಎಷ್ಟು ರಾತ್ರಿ ಇದಕ್ಕೆ ಒರಗಿರಬಹುದು ಅನ್ನಿಸಿ ಕೈ ತೆಗೆದೆ. ಮಾವುತ ಅಣ್ಣ ಪಕ್ಕದಲ್ಲೇ ನಿಂತಿದ್ದರು. "ಒಳಗೆ ಇದ್ದಾಗ ರಾತ್ರಿಯೆಲ್ಲ ನಾವೂ ಇಲ್ಲೇ ಕೂತಿರುತ್ತೇವೆ. ಮಾತಾಡುತ್ತಾ ಇರಬೇಕು. ನಮ್ಮ ದನಿ ಗುರುತು ಸಿಕ್ಕ ಮೇಲೆ ಸ್ವಲ್ಪ ತಿನ್ನುತ್ತದೆ" ಅಂದರು.

ದಸರಾ ಮಾತೂ ಬಂತು. ಆ ಶಿಬಿರದ ಆನೆಗಳು ಮೈಸೂರಿಗೆ ಹೋಗುತ್ತವೆ. ಅಲ್ಲಿ ತೂಕ ಹಾಕುತ್ತಾರೆ, ಮರಳು ಮೂಟೆ ಹೊರಿಸಿ ತಾಲೀಮು ಮಾಡಿಸುತ್ತಾರೆ, ಬೆಚ್ಚಬಾರದೆಂದು ಮೊದಲೇ ಪಿರಂಗಿ ಸದ್ದು ಕೇಳಿಸುತ್ತಾರೆ. ಕುಸುರೆ ಎಂಬ ಪೌಷ್ಟಿಕ ಮೇವು ತಿನ್ನಿಸಿ ಮೈ ತುಂಬಿಸುತ್ತಾರೆ. ತೂಕ ಏರಿದರೆ ಎಲ್ಲರಿಗೂ ಸಂತೋಷ. ಆದರೆ ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ವಿಜ್ಞಾನಿಗಳು ದಸರಾ ಆನೆಗಳನ್ನೂ ಸೇರಿಸಿ ಸಾಕಿದ ಆನೆಗಳ ಲದ್ದಿ ಪರೀಕ್ಷಿಸಿ 2019ರಲ್ಲಿ ಹೇಳಿದ್ದು ಬೇರೆ. ಇಂಥ ಉತ್ಸವಗಳಲ್ಲಿ ಪಾಲ್ಗೊಂಡ ಆನೆಗಳಲ್ಲಿ ಒತ್ತಡ ಜಾಸ್ತಿ ಕಂಡಿತ್ತು. ನಾನು ಚಿಕ್ಕಂದಿನಿಂದ ಜಂಬೂ ಸವಾರಿ ನೋಡಿ ಕೈ ಮುಗಿದವರ ಪೈಕಿ. ಆ ಭಕ್ತಿ ಸುಳ್ಳಲ್ಲ. ಆದರೆ ಲದ್ದಿ ಹೇಳುವುದನ್ನು ಕೇಳಿಸಿಕೊಳ್ಳದೆ ಇರುವುದು ಇನ್ನು ನನ್ನಿಂದ ಆಗುವುದಿಲ್ಲ.

ಮರುದಿನ ಕುಶಾಲನಗರ, ಸೋಮವಾರಪೇಟೆ, ಶನಿವಾರಸಂತೆ ಮೇಲೆ ಸಕಲೇಶಪುರದ ಕಡೆ ಹೊರಟೆವು. ದಾರಿಯಲ್ಲಿ ಯಸಳೂರು. 2023ರ ಡಿಸೆಂಬರ್ 4ರಂದು ಅರ್ಜುನ ಸತ್ತದ್ದು ಈ ಕಡೆಯ ಕಾಡಿನಲ್ಲಿ. 2012ರಿಂದ 2019ರವರೆಗೆ ಎಂಟು ಸಲ 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ. ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಬಂದು, ಒಂದು ಸಲಗದ ಜೊತೆ ಕಾದಾಡಿ ಬಿದ್ದಿತು. ಗೆಳತಿ ಕಾರು ನಿಲ್ಲಿಸಿದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಕಾಫಿ ತೋಟಗಳ ನಡುವೆ ಸಿಕ್ಕ ಲದ್ದಿ ನಾಗರಹೊಳೆಯದಕ್ಕಿಂತ ಬೇರೆ ಥರ ಇತ್ತು. ಅಲ್ಲಿನದು ಒರಟು, ಬರೀ ನಾರು, ಬಿದಿರಿನ ಸಿಬಿರು. ಇಲ್ಲಿನದು ಮೆತ್ತಗೆ, ಬಾಳೆಯ ನಾರು, ಹಸಿರು ಬಣ್ಣ. ಹಾಸನ ಭಾಗದ ಬೆಳೆ ತಿನ್ನುವ ಆನೆಗಳನ್ನೂ ನಾಗರಹೊಳೆ, ಬಂಡೀಪುರದ ಆನೆಗಳನ್ನೂ ಹೋಲಿಸಿದ, ಭಾರತೀಯ ವಿಜ್ಞಾನ ಸಂಸ್ಥೆಯ ಅದೇ ತಂಡದ ಅಧ್ಯಯನವೊಂದು 2019ರಲ್ಲಿ ಬಂತು. ಪಟಾಕಿ, ಕೂಗಾಟ, ಓಡಿಸುವ ಜನರ ನಡುವೆ ಬದುಕುವ ಹಾಸನದ ಆನೆಗಳಿಗೇ ಒತ್ತಡ ಜಾಸ್ತಿ ಇರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಬಂದ ಫಲಿತಾಂಶ ಉಲ್ಟಾ. ಅವುಗಳ ಲದ್ದಿಯಲ್ಲಿ ಒತ್ತಡದ ಹಾರ್ಮೋನ್ ಕಡಿಮೆ ಇತ್ತು. ಸಾರಜನಕ ಹೆಚ್ಚಿತ್ತು, ಅಂದರೆ ತಿಂದದ್ದು ಒಳ್ಳೆಯ ಮೇವು. ಹೊಟ್ಟೆ ತುಂಬಿದ್ದು ಆ ಗಲಾಟೆಯನ್ನೂ ತಣಿಸಿರಬಹುದು ಎಂಬುದು ಅವರ ವಿವರಣೆ.

ಈ ಒಂದು ವಿಷಯವನ್ನು ನಾನು ಆ ರಾತ್ರಿಯೆಲ್ಲ ಯೋಚಿಸಿದೆ. ಅಂಕಿ ಕಡಿಮೆ ಎಂದರೆ ಆನೆ ಕ್ಷೇಮ ಎಂದಲ್ಲ. ನೆಮ್ಮದಿಯಾಗಿ ಬಾಳೆ ತಿಂದ ಆನೆಗೆ ಅದೇ ರಾತ್ರಿ ತೋಟದ ಬೇಲಿಯಲ್ಲಿ ಕರೆಂಟ್ ಹೊಡೆಯಬಹುದು. ಕತ್ತಲಲ್ಲಿ ಮನೆಗೆ ನಡೆದು ಬರುವ ಕೂಲಿಯವರಿಗೆ ಎದುರಾಗಬಹುದು. ಹಾಗೆಯೇ ಅಂಕಿ ಏರಿತು ಎಂದರೆ ಸಂಕಟ ಎಂದೂ ಅಲ್ಲ. ಮರಿ ಹಾಕುವಾಗ, ಕೂಡುವಾಗ ಕೂಡ ಏರುತ್ತದೆ. ತುಂಬ ಕಾಲ ನರಳಿದ ಪ್ರಾಣಿಯಲ್ಲಿ ಅಂಕಿ ಇಳಿಯುವುದೂ ಉಂಟು. ಒಂದು ಕೊಳವೆಯ ಲದ್ದಿಯಿಂದ ತೀರ್ಪು ಕೊಡಲು ಆಗುವುದಿಲ್ಲ.

ಹಾಗೆಂದು ಅಳೆಯುವುದೇ ವ್ಯರ್ಥ ಎಂದು ಹೇಳಿದರೆ ಗೆಳತಿ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆ ರಾತ್ರಿ ಅವಳು ತಿಮಿಂಗಿಲಗಳ ವಿಷಯ ಹೇಳಿದಳು. 2001ರ ಸೆಪ್ಟೆಂಬರ್ 11ರ ದಾಳಿಯಾದ ಮೇಲೆ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ಕಡಿಮೆಯಾಯಿತು. ನೀರೊಳಗಿನ ಸದ್ದು 6 ಡೆಸಿಬಲ್ ಇಳಿಯಿತು. ಅಲ್ಲಿನ ರೈಟ್ ಜಾತಿಯ ತಿಮಿಂಗಿಲಗಳ ಮಲದಲ್ಲಿ ಒತ್ತಡದ ಹಾರ್ಮೋನ್ ಕೂಡ ಇಳಿದಿತ್ತು. ಹಡಗಿನ ಸದ್ದು ಅವಕ್ಕೆ ಯಾವಾಗಲೂ ಹಿಂಸೆಯಾಗಿದ್ದಿರಬಹುದು ಎಂಬ ಸುಳಿವು ಅದರಿಂದ ಸಿಕ್ಕಿತು. ಸತ್ತ ತಿಮಿಂಗಿಲದ ಕಿವಿಯ ಗುಗ್ಗೆಯನ್ನು ಮರದ ಉಂಗುರದಂತೆ ಪದರ ಪದರ ಬಿಡಿಸಿದವರೂ ಇದ್ದಾರೆ. ಬೇಟೆ ಜೋರಾಗಿದ್ದ 1960ರ ದಶಕದ ಪದರಗಳಲ್ಲಿ ಕಾರ್ಟಿಸೋಲ್ ತುಂಬಿತ್ತು. ಬೇಟೆ ಕಡಿಮೆಯಾಗಿದ್ದ ಎರಡನೆಯ ಮಹಾಯುದ್ಧದ ವರ್ಷಗಳಲ್ಲೂ ಏರಿತ್ತು. ನಮ್ಮ ಯುದ್ಧ ಸಮುದ್ರದ ಪ್ರಾಣಿಯ ಕಿವಿಯೊಳಗೆ ದಾಖಲಾಗಿದೆ ಎಂದು ಕೇಳಿ ನನಗೆ ಮೈ ಜುಮ್ಮೆಂದಿತು.

ಬೆಂಗಳೂರಿನ ಲ್ಯಾಬ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಲದ್ದಿ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ಮೆಥನಾಲ್‌ನಲ್ಲಿ ಅಲುಗಾಡಿಸಿ ಹಾರ್ಮೋನ್ ಬಿಡಿಸುತ್ತಾರೆ. 96 ಗುಳಿಗಳ ತಟ್ಟೆಗೆ ಹಾಕಿದಾಗ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಹಾರ್ಮೋನ್ ಕಡಿಮೆ. ಮೊದಲು ನನಗೆ ಅದು ತಲೆಕೆಳಗಾಗಿ ಕಂಡಿತು.

ವಾರದ ನಂತರ ನಾನು ಲ್ಯಾಬಿಗೆ ಹೋಗಿದ್ದಾಗ ಗೆಳತಿಯ ಫೋನ್ ಬಡಿಯಿತು. ಮತ್ತಿಗೋಡಿನ ಮಾವುತ ಅಣ್ಣ. ಆ ಹೆಣ್ಣಾನೆಯ ಲದ್ದಿ ಪರೀಕ್ಷೆ ಆಯಿತೇ ಎಂದು ಕೇಳಬಹುದು ಅಂದುಕೊಂಡೆ. ಕೊಳವೆಗಳು ಇನ್ನೂ ಫ್ರೀಜರಿನಲ್ಲೇ ಇದ್ದವು. ಗೆಳತಿ ಸ್ಪೀಕರ್ ಹಾಕಿದಳು.

"ಮೇಡಂ, ಕಾಲಿನಲ್ಲಿ ಮುಳ್ಳು ಇತ್ತು. ಡಾಕ್ಟರ್ ಬಂದು ತೆಗೆದರು. ನಿನ್ನೆ ರಾತ್ರಿ ಮಲಗಿತ್ತು. ಎಡ ಮಗ್ಗುಲೆಲ್ಲ ಮಣ್ಣು."

ಅವಳು ಪುಸ್ತಕ ತೆರೆದು ತಾರೀಕು ಬರೆದು, ಅದರ ಮುಂದೆ 'ಎಡ ಮಗ್ಗುಲು' ಎಂದು ಬರೆದಳು. ನಾಳೆ ಬೆಳಗಿನ ಲದ್ದಿಯನ್ನೂ ತೆಗೆದಿಡಿ ಅಣ್ಣ ಅಂದಳು.