ಡಿ ಡ್ರೈವ್‌ನಲ್ಲಿ ಇರದ ಕಡತಗಳು

ತುಮಕೂರಿನ ಡಿಟಿಪಿ ಅಂಗಡಿಗಳಲ್ಲಾಗಲಿ, ಬಟವಾಡಿಯ ಎಪಿಎಂಸಿ ಮಂಡಿಗಳಲ್ಲಾಗಲಿ, ಕಂಪ್ಯೂಟರ್ ನಿಧಾನವಾದಾಗ ಕೇಳಿಬರುವ ಮಾತು ಒಂದೇ: "ನನ್ನದೆಲ್ಲ ಡಿ ಡ್ರೈವ್‌ನಲ್ಲಿದೆ, ಸಿ ಫಾರ್ಮ್ಯಾಟ್ ಮಾಡಿ." ಈ ನಂಬಿಕೆ ಆಧಾರವಿಲ್ಲದ್ದೇನಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ದತ್ತಾಂಶದ ಜಾಗವನ್ನು ಡಿ ಡ್ರೈವ್‌ಗೆ ಬದಲಿಸಿಕೊಂಡಿದ್ದರೆ ಕಂಪನಿಗೊಂದರಂತೆ ಸಂಖ್ಯೆಯ ಹೆಸರಿರುವ ಫೋಲ್ಡರುಗಳು ಅಲ್ಲೇ ಉಳಿಯುತ್ತವೆ. ಲಗ್ನಪತ್ರಿಕೆಗಳ ಕೋರೆಲ್ ಕಡತಗಳೂ ಅಲ್ಲೇ ಇರುತ್ತವೆ. ಆದರೆ ಡಿ ಡ್ರೈವ್‌ನಲ್ಲಿ ಇರುವುದು ನಾವು ಜಾಗ ತೋರಿಸಿ ಸೇವ್ ಮಾಡಿದ ಕಡತಗಳು ಮಾತ್ರ. ತಂತ್ರಾಂಶಗಳು ನಮ್ಮನ್ನು ಕೇಳದೆ, ನಮ್ಮ ಪರವಾಗಿ ಬರೆದಿಟ್ಟುಕೊಳ್ಳುವುದೆಲ್ಲ ಬಹುಮಟ್ಟಿಗೆ ಸಿ ಡ್ರೈವ್‌ನಲ್ಲೇ, ಅದೂ ಕಣ್ಣಿಗೆ ಬೀಳದ ಫೋಲ್ಡರಿನಲ್ಲಿ ಇರುತ್ತದೆ. ಸಿ ಫಾರ್ಮ್ಯಾಟ್ ಮಾಡಿದರೆ ಅದೆಲ್ಲ ಅಳಿಸಿಹೋಗುತ್ತದೆ. (ಸಿ ಮತ್ತು ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗಗಳಾದ್ದರಿಂದ ಡಿಸ್ಕೇ ಕೆಟ್ಟರೆ ಎರಡೂ ಹೋಗುತ್ತವೆ ಎಂಬುದು ಬೇರೆ ಮಾತು.)

ಇದಕ್ಕೆ ಸ್ಟಿಕಿ ನೋಟ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಗಿರಾಕಿಗಳ ಫೋನ್ ನಂಬರು, ಜಿಎಸ್‌ಟಿ ಸಂಖ್ಯೆ, ಕೊಡಬೇಕಾದ ಬಾಕಿ ಎಲ್ಲವನ್ನೂ ಹಳದಿ ಚೀಟಿಗಳಲ್ಲಿ ಬರೆದು ಪರದೆಯ ಮೇಲೆ ಅಂಟಿಸಿಕೊಂಡವರು, ಡೆಸ್ಕ್‌ಟಾಪ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡರೆ ಆ ಚೀಟಿಗಳೂ ಬಂದವೆಂದು ಭಾವಿಸುತ್ತಾರೆ. ವಿಂಡೋಸ್ 7ರಲ್ಲಿ ಆ ಚೀಟಿಗಳೆಲ್ಲ ಆ್ಯಪ್‌ಡೇಟಾ ಎಂಬ ಆ ಮರೆಯಾದ ಫೋಲ್ಡರಿನ ರೋಮಿಂಗ್ ಎಂಬ ಭಾಗದಲ್ಲಿ ಒಂದೇ ಕಡತವಾಗಿ ಇರುತ್ತಿದ್ದವು. ವಿಂಡೋಸ್ 10ರಲ್ಲಿ ಅದೇ ಆ್ಯಪ್‌ಡೇಟಾದ ಲೋಕಲ್ ಭಾಗದೊಳಗಿನ ಪ್ಯಾಕೇಜಸ್‌ನಲ್ಲಿ, ಪ್ಲಮ್ ಎಂಬ ಹೆಸರಿನ ಒಂದು ದತ್ತಸಂಚಯದೊಳಗೆ ಸೇರಿಕೊಂಡವು. ಡೆಸ್ಕ್‌ಟಾಪ್ ಮೇಲೆ ಕಾಣುವುದೆಲ್ಲ ಡೆಸ್ಕ್‌ಟಾಪ್ ಫೋಲ್ಡರಿನಲ್ಲಿ ಇರುವುದಿಲ್ಲ.

ಈ ಆ್ಯಪ್‌ಡೇಟಾ ವಿಂಡೋಸ್ ವಿಸ್ತಾದೊಂದಿಗೆ ಬಂದದ್ದು. ಅದಕ್ಕೂ ಮೊದಲು ಎಕ್ಸ್‌ಪಿಯಲ್ಲಿ ಇದೇ ಸಾಮಗ್ರಿ 'ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್' ಎಂಬ ಫೋಲ್ಡರಿನ ಒಳಗೆ ಬಳಕೆದಾರರ ಹೆಸರಿನಲ್ಲಿ ಇರುತ್ತಿತ್ತು. ಈಗ ಅದರಲ್ಲಿ ಮೂರು ಭಾಗಗಳಿವೆ: ರೋಮಿಂಗ್, ಲೋಕಲ್, ಲೋಕಲ್‌ಲೋ. ದೊಡ್ಡ ಕಚೇರಿಯ ಜಾಲದಲ್ಲಿ ಒಬ್ಬರು ಯಾವ ಕಂಪ್ಯೂಟರಿನ ಮುಂದೆ ಕುಳಿತು ಲಾಗಿನ್ ಆದರೂ ಅವರ ಹಿಂದೆಯೇ ಬರಬೇಕಾದ ಸೆಟ್ಟಿಂಗುಗಳಿಗೆ ರೋಮಿಂಗ್ ಮೀಸಲು. ಆ ಒಂದು ಯಂತ್ರದಲ್ಲೇ ಉಳಿಯಬೇಕಾದ ದೊಡ್ಡ ಗಾತ್ರದ ಸಾಮಗ್ರಿಗೆ ಲೋಕಲ್. ಸರ್ವರ್ ಇಲ್ಲದ ನಮ್ಮ ಪುಟ್ಟ ಅಂಗಡಿಗಳಲ್ಲಿ ರೋಮಿಂಗ್ ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ಈ ವಿಂಗಡಣೆ ಗೊಂದಲಕ್ಕಷ್ಟೇ ಉಪಯೋಗ ಎಂಬುದು ನನ್ನ ಅಭಿಪ್ರಾಯ. ಫೈರ್‌ಫಾಕ್ಸ್ ಬ್ರೌಸರು ತನ್ನ ಪ್ರೊಫೈಲನ್ನು (ಬುಕ್‌ಮಾರ್ಕ್, ಪಾಸ್‌ವರ್ಡು ಮುಂತಾದವುಗಳ ಫೋಲ್ಡರನ್ನು) ರೋಮಿಂಗ್‌ನಲ್ಲಿಟ್ಟರೆ ಕ್ರೋಮ್ ತನ್ನದನ್ನು ಲೋಕಲ್‌ನಲ್ಲಿ ಇಡುತ್ತದೆ. ಎರಡನ್ನೂ ಬಳಸುವವರು ಎರಡು ಕಡೆ ಹುಡುಕಬೇಕು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ನಷ್ಟ ಇನ್ನೊಂದು ರೀತಿಯಲ್ಲಿ ತಟ್ಟುತ್ತದೆ. ಕೋರೆಲ್ ಕಡತ ಡಿ ಡ್ರೈವ್‌ನಲ್ಲಿ ಭದ್ರವಾಗಿದ್ದರೂ ಅದರಲ್ಲಿ ಬಳಸಿದ ಫಾಂಟುಗಳು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿರುತ್ತವೆ, ಅಥವಾ ವಿಂಡೋಸ್ 10ರ 2018ರ ನಂತರದ ಆವೃತ್ತಿಗಳಲ್ಲಿ ಒಬ್ಬ ಬಳಕೆದಾರರಿಗಷ್ಟೇ ಹಾಕಿಕೊಂಡಿದ್ದರೆ ಆ್ಯಪ್‌ಡೇಟಾ ಲೋಕಲ್‌ನ ಒಳಗಿರುತ್ತವೆ. ಎಲ್ಲಿದ್ದರೂ ಫಾರ್ಮ್ಯಾಟ್ ಆದಮೇಲೆ ಇರುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಕೂರಿಸಿದ ಲಗ್ನಪತ್ರಿಕೆಯನ್ನು ಆ ಫಾಂಟ್ ಇಲ್ಲದೆ ತೆರೆದರೆ 'ಸುಮುಹೂರ್ತ' ಇದ್ದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ವರ್ಡ್‌ನಲ್ಲಿ ಚಿಕ್ಕನಾಯಕನಹಳ್ಳಿ, ಕೊರಟಗೆರೆ ಮುಂತಾದ ಊರ ಹೆಸರುಗಳಿಗೆ ಕೆಂಪು ಗೆರೆ ಬರದಂತೆ ವರ್ಷಗಟ್ಟಲೆ ಸೇರಿಸಿಕೊಂಡ ಪದಗಳು ರೋಮಿಂಗ್‌ನೊಳಗಿನ ಯುಪ್ರೂಫ್ ಎಂಬ ಫೋಲ್ಡರಿನ ಕಸ್ಟಮ್ ನಿಘಂಟಿನಲ್ಲಿರುತ್ತವೆ. ಪತ್ರಗಳ ಅಳತೆ, ಅಂಚು, ಶೈಲಿಗಳನ್ನು ಹೊತ್ತ ನಾರ್ಮಲ್ ಟೆಂಪ್ಲೇಟ್ ಟೆಂಪ್ಲೇಟ್ಸ್ ಫೋಲ್ಡರಿನಲ್ಲಿರುತ್ತದೆ.

ಹಾಗೆಂದು ಆ್ಯಪ್‌ಡೇಟಾವನ್ನು ಇಡಿಯಾಗಿ ನಕಲು ಮಾಡಿಟ್ಟುಕೊಂಡರೆ ಎಲ್ಲವೂ ಮರಳಿ ಬರುತ್ತದೆ ಎಂದೂ ಇಲ್ಲ. ಅದರ ಗಾತ್ರದ ಬಹುಪಾಲು ಕ್ಯಾಶ್, ಅಂದರೆ ಮತ್ತೆ ತಾನಾಗಿಯೇ ಹುಟ್ಟಿಕೊಳ್ಳುವ ತಾತ್ಕಾಲಿಕ ಸಾಮಗ್ರಿ ಆಗಿರಬಹುದು. ಅದಲ್ಲದೆ ಕ್ರೋಮ್ ಉಳಿಸಿಟ್ಟ ಪಾಸ್‌ವರ್ಡುಗಳು ಆ ಯಂತ್ರದ ವಿಂಡೋಸ್ ಖಾತೆಗೆ ಕಟ್ಟುಬಿದ್ದ ಗೂಢಲಿಪಿಯಲ್ಲಿರುವುದರಿಂದ ಹೊಸ ವಿಂಡೋಸ್ ಹಾಕಿದ ಮೇಲೆ ಹಳೆಯ ಫೋಲ್ಡರನ್ನು ತಂದಿಟ್ಟರೂ ಅವು ತೆರೆದುಕೊಳ್ಳುವುದಿಲ್ಲ. ಫಾರ್ಮ್ಯಾಟ್‌ಗೆ ಮೊದಲೇ ಅವನ್ನು ಬೇರೆಯಾಗಿ ರಫ್ತು ಮಾಡಿಕೊಳ್ಳಬೇಕು. ಫೈರ್‌ಫಾಕ್ಸ್ ಹಾಗಲ್ಲ, ಬೀಗದ ಕೈಯೂ ಪ್ರೊಫೈಲಿನ ಒಳಗೇ ಇರುವುದರಿಂದ ಫೋಲ್ಡರ್ ಬಂದರೆ ಪಾಸ್‌ವರ್ಡೂ ಬರುತ್ತದೆ. ಇದೇ ಕಾರಣಕ್ಕೆ ಆ ನಕಲನ್ನು ಕಂಡಕಂಡ ಪೆನ್‌ಡ್ರೈವ್‌ನಲ್ಲಿ ಇಡುವುದು ಅಪಾಯ.

ಮ್ಯಾಕ್ ಇಟ್ಟುಕೊಂಡವರು ನಮ್ಮ ಕಡೆ ಕಡಿಮೆ, ಅದರ ಏರ್ಪಾಡೂ ಸರಳ. ಬಳಕೆದಾರರ ಮನೆ ಫೋಲ್ಡರಿನ ಲೈಬ್ರರಿಯಲ್ಲಿ ಅಪ್ಲಿಕೇಶನ್ ಸಪೋರ್ಟ್, ಪ್ರಿಫರೆನ್ಸಸ್, ಕ್ಯಾಶಸ್ ಎಂದು ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ. 2011ರ ಲಯನ್ ಆವೃತ್ತಿಯಿಂದ ಆ ಲೈಬ್ರರಿ ಮರೆಯಾಗಿದೆ. ಫೈಂಡರಿನಲ್ಲಿ ಆಪ್ಶನ್ ಕೀ ಒತ್ತಿಹಿಡಿದು ಗೋ ಮೆನು ತೆರೆದರೆ ಕಾಣುತ್ತದೆ.

ಲಿನಕ್ಸ್‌ನ ಕಥೆ ಹೆಚ್ಚು ಸ್ವಾರಸ್ಯದ್ದು. ಅಲ್ಲಿ ಚುಕ್ಕೆಯಿಂದ ಹೆಸರು ಆರಂಭವಾಗುವ ಕಡತಗಳು ಮರೆಯಾಗಿರುತ್ತವೆ. ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್‌ನ ಬೆಲ್ ಲ್ಯಾಬ್ಸ್ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ಬರೆದಂತೆ ಇದು ಯೋಚಿಸಿ ಮಾಡಿದ ಏರ್ಪಾಡಲ್ಲ: ಈಗಿನ ಫೋಲ್ಡರನ್ನೂ ಅದರ ಮೇಲಿನ ಫೋಲ್ಡರನ್ನೂ ಸೂಚಿಸುವ ಒಂಟಿ ಚುಕ್ಕೆ, ಜೋಡಿ ಚುಕ್ಕೆಗಳು ಪಟ್ಟಿಯಲ್ಲಿ ಬರದಿರಲೆಂದು, ಮೊದಲ ಅಕ್ಷರ ಚುಕ್ಕೆಯಾಗಿದ್ದರೆ ಬಿಟ್ಟುಬಿಡು ಎಂದು ಚುಟುಕಾಗಿ ಬರೆದ ಕೋಡ್, ಚುಕ್ಕೆಯಿಂದ ಆರಂಭವಾಗುವ ಎಲ್ಲ ಹೆಸರುಗಳನ್ನೂ ಮರೆಮಾಡಿತು. ಆಮೇಲೆ ತಂತ್ರಾಂಶಗಳು ಅದನ್ನೇ ಅವಕಾಶವಾಗಿ ಬಳಸಿಕೊಂಡು ಮನೆ ಫೋಲ್ಡರನ್ನು ಚುಕ್ಕೆಯ ಕಡತಗಳಿಂದ ತುಂಬಿಸಿದವು. ಈ ಗಲೀಜಿಗೆ ಪರಿಹಾರವಾಗಿ 2003ರಲ್ಲಿ ಎಕ್ಸ್‌ಡಿಜಿ ಎಂಬ ನಿಯಮಾವಳಿ ಬಂತು: ಸೆಟ್ಟಿಂಗುಗಳಿಗೆ ಚುಕ್ಕೆ ಕಾನ್ಫಿಗ್, ದತ್ತಾಂಶಕ್ಕೆ ಚುಕ್ಕೆ ಲೋಕಲ್‌ನೊಳಗಿನ ಶೇರ್, ಕ್ಯಾಶ್‌ಗೆ ಚುಕ್ಕೆ ಕ್ಯಾಶ್. ಮೊದಲೆರಡನ್ನು ನಕಲು ಮಾಡಿ ಮೂರನೆಯದನ್ನು ಬಿಟ್ಟರೆ ಆಯಿತು. ಎಲ್ಲರೂ ಪಾಲಿಸಿದ್ದರೆ ಇದಕ್ಕಿಂತ ಚೊಕ್ಕ ವ್ಯವಸ್ಥೆ ಮತ್ತೊಂದಿರುತ್ತಿರಲಿಲ್ಲ. ಆದರೆ ಸ್ನ್ಯಾಪ್ ಮತ್ತು ಫ್ಲ್ಯಾಟ್‌ಪ್ಯಾಕ್ ಮೂಲಕ ಹಾಕಿಕೊಂಡ ತಂತ್ರಾಂಶಗಳು ತಮ್ಮದನ್ನು ಬೇರೆಯೇ ಫೋಲ್ಡರುಗಳಲ್ಲಿ ಇಡುತ್ತವೆ.

ವಿಂಡೋಸ್‌ನಲ್ಲಿ ಈ ಜಾಗವನ್ನು ತಲುಪಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಚೌಕದಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಆ್ಯಪ್‌ಡೇಟಾ ಎಂದು ಟೈಪ್ ಮಾಡಬೇಕು. ರೋಮಿಂಗ್ ನೇರವಾಗಿ ತೆರೆದುಕೊಳ್ಳುತ್ತದೆ. ಲೋಕಲ್ ಬೇಕಿದ್ದರೆ ಅದೇ ಪದಕ್ಕೆ ಮೊದಲು, ಶೇಕಡಾ ಚಿಹ್ನೆಗಳ ಒಳಗೇ, ಜಾಗ ಬಿಡದೆ ಲೋಕಲ್ ಎಂದು ಸೇರಿಸಿ. ಲಿಬ್ರೆಆಫೀಸ್ ಬಳಸುವವರು ರೋಮಿಂಗ್‌ನಲ್ಲಿ ಲಿಬ್ರೆಆಫೀಸ್ ಫೋಲ್ಡರ್ ಹೊಕ್ಕು 4 ಎಂಬುದನ್ನು ತೆರೆಯಬಹುದು. ಆವೃತ್ತಿ 7 ಇದ್ದರೂ 24 ಇದ್ದರೂ ಆ ಅಂಕಿ ಬದಲಾಗಿಲ್ಲ, ಗಾಬರಿಯಾಗಬೇಕಿಲ್ಲ. ಅದರೊಳಗಿನ ಯೂಸರ್ ಫೋಲ್ಡರಿನಲ್ಲಿ ವರ್ಡ್‌ಬುಕ್ ಎಂಬ ಒಳಫೋಲ್ಡರಿನಲ್ಲಿ ನೀವು ಸೇರಿಸಿದ ಪದಗಳ ನಿಘಂಟು ಇರುತ್ತದೆ. ಅದು ನೋಟ್‌ಪ್ಯಾಡಿನಲ್ಲೂ ತೆರೆಯುವ ಸಾದಾ ಪಠ್ಯ ಕಡತವಾದ್ದರಿಂದ, ವಿಂಡೋಸ್‌ನಿಂದ ತೆಗೆದು ಲಿನಕ್ಸ್‌ನ ಚುಕ್ಕೆ ಕಾನ್ಫಿಗ್‌ನಲ್ಲೋ ಮ್ಯಾಕ್‌ನ ಅಪ್ಲಿಕೇಶನ್ ಸಪೋರ್ಟ್‌ನಲ್ಲೋ ಇರುವ ಇದೇ ಹೆಸರಿನ ಫೋಲ್ಡರಿಗೆ ಹಾಕಿದರೂ ಕೆಲಸ ಮಾಡುತ್ತದೆ. ಹಾಕುವ ಮುನ್ನ ಲಿಬ್ರೆಆಫೀಸನ್ನು ಮುಚ್ಚಿರಬೇಕು.