ತಾತನ ಕೆಲಸಾನೂ ಹೋಗಬೇಕಿತ್ತಾ?

ಹೋದ ಶನಿವಾರ ಬೆಳಿಗ್ಗೆ, ಇಲ್ಲಿ ಬ್ರಿಟನ್ನಿನ ನಮ್ಮ ಮನೆಯಲ್ಲಿ, ದೋಸೆ ಹಂಚು ಒಲೆ ಮೇಲಿಟ್ಟಿದ್ದೆ. ಯಾರೋ ಬಾಗಿಲು ಬಡಿದರು. ನೋಡಿದರೆ ಪಕ್ಕದ ಮನೆಯ ಅಜ್ಜಿ. ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಪೆನ್ನು, ಕಾಲ ಹತ್ತಿರ ಅವರ ಮುದಿ ನಾಯಿ. ಒಳಗೆ ಬನ್ನಿ ಅಂದೆ. ಬಂದರು, ಆದರೆ ಕೂರಲಿಲ್ಲ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಇದ್ದಾನೆ. ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ವ್ಯಾನ್ ಓಡಿಸುತ್ತಾನೆ. ಅವನು ರಜೆಯ ದಿನ ಪಾರ್ಕಿನಲ್ಲಿ ತನ್ನ ನಾಯಿಗೆ ಅದರದೇ ಹಗ್ಗದಿಂದ ಹೊಡೆದಿದ್ದಾನೆ. ಯಾರೋ ಮೊಬೈಲಿನಲ್ಲಿ ಹಿಡಿದಿದ್ದಾರೆ. ಅಜ್ಜಿಯ ಕೈಯಲ್ಲಿದ್ದದ್ದು ಅವನ ಕಂಪನಿಗೆ ಬರೆದ ಪತ್ರ. ಇಂಥವನನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಡಿ ಅಂತ. ಕೆಳಗೆ ಆಗಲೇ ಇಪ್ಪತ್ತಕ್ಕೂ ಜಾಸ್ತಿ ಸಹಿ.

ವಿಡಿಯೊ ತೋರಿಸಿದರು. ಆ ನಾಯಿ ಓಡಿಹೋಗಲಿಲ್ಲ. ಏಟು ಬಿದ್ದಾಗಲೆಲ್ಲ ಕಿವಿ ಹಿಂದಕ್ಕೆ ಮಡಚಿ ಅವನ ಕಾಲ ಹತ್ತಿರಕ್ಕೇ ಸರಿಯುತ್ತಿತ್ತು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಪೆನ್ನು ತಗೊಂಡೆ.

ಮೇಜಿನ ಹತ್ತಿರ ಮಗಳು ಕೂತಿದ್ದಳು. ಒಂಬತ್ತು ವರ್ಷ. ಅವಳೂ ಕತ್ತು ಚಾಚಿ ವಿಡಿಯೊ ನೋಡಿದ್ದಳು ಅಂತ ಕಾಣುತ್ತೆ. ಕನ್ನಡದಲ್ಲಿ ಕೇಳಿದಳು: "ಅಮ್ಮಾ, ತಾತಾನೂ ಕೆಂಚನ್ನ ಹೊಡೆದಿದ್ರು ಅಲ್ವಾ? ತಾತನ ಕೆಲಸಾನೂ ಹೋಗಬೇಕಿತ್ತಾ?"

ಏನು ಕೇಳಿದಳು ಅಂದರು ಅಜ್ಜಿ.

ದೋಸೆ ಯಾವಾಗ ಅಂತ ಕೇಳ್ತಿದ್ದಾಳೆ ಅಂದೆ. ಸುಳ್ಳು ಹೇಳಿದೆ. ಸಹಿ ಆಮೇಲೆ ಮಾಡ್ತೀನಿ ಅಂತ ಅವರನ್ನು ಕಳಿಸಿದೆ. ಹಂಚಿನ ಮೇಲಿದ್ದ ದೋಸೆ ಸೀದು ಹೋಗಿತ್ತು.

ಕೆಂಚನ ಕಥೆ ಅವಳಿಗೆ ಹೇಳಿದ್ದು ನಾನೇ. ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಹಳೇ ಆಲ್ಬಮ್ಮಿನಲ್ಲಿ ಎತ್ತಿನ ಫೋಟೊ ನೋಡಿದಳು. ಕೆಂಪು ಮೈ, ಸೊಂಟದ ಮೇಲೆ ಒಂದು ರೂಪಾಯಿ ಅಗಲದ ಬಿಳಿ ಮಚ್ಚೆ. ಹುಟ್ಟು ಮಚ್ಚೆನಾ ಅಂದಳು. ಅಲ್ಲ ಅಂದೆ. ಮತ್ತೆ ಹೇಗಾಯ್ತು ಅಂದಳು.

ನಮ್ಮೂರು ಸಿಂಧನೂರಿನ ಕಡೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಕಾಲಿಟ್ಟರೆ ಬಿಡದ ಕರಿಮಣ್ಣು. ಅಪ್ಪ ಸರ್ಕಾರಿ ಸಾಲಿ ಮಾಸ್ತರ. ಭಾನುವಾರ ಬಂದರೆ ಹೊಲದ ಕೆಲಸ. ನನಗಾಗ ಹತ್ತು ವರ್ಷ. ಆ ವರ್ಷ ಸುಗ್ಗಿಯ ಹೊತ್ತಿಗೆ ಮಳೆ ಹಿಡಿದಿತ್ತು. ಕಣದಿಂದ ಭತ್ತದ ಚೀಲ ಹೇರಿಕೊಂಡು ಬರುವಾಗ ಗಾಡಿಯ ಒಂದು ಗಾಲಿ ಅಚ್ಚಿನವರೆಗೂ ಕೆಸರಿನಲ್ಲಿ ಹೂತುಹೋಯಿತು. ಜೋಡಿ ಎತ್ತು ಮೈಲ ನಿಂತಲ್ಲೇ ನಿಂತ. ಕೆಂಚ ಮುಂಗಾಲು ಮಡಚಿ ಕೂತುಬಿಟ್ಟ. ನೊಗ ಒಂದು ಕಡೆ ವಾಲಿತು.

ಅಪ್ಪ ಮೊದಲು ಬಾರುಕೋಲು ಬೀಸಿದ. ಆಮೇಲೆ ಬಾಲ ತಿರುವಿದ. ಅದಕ್ಕೂ ಏಳಲಿಲ್ಲ. ಗಾಡಿಯಲ್ಲಿ ಮುಳ್ಳುಗೋಲು ಇತ್ತು, ತುದಿಗೆ ಮೊಳೆ ಇರುವ ಕೋಲು. ಅದರಿಂದ ಚುಚ್ಚಿದ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿದ. ರಕ್ತ ಮಳೆ ನೀರಿನ ಜೊತೆ ತೊಡೆಗುಂಟ ಇಳಿಯಿತು. ಅವ್ವ ಹಿಂದಿನಿಂದ ಕೂಗುತ್ತಿದ್ದಳು, "ಸಾಕ ಬಿಡ್ರೀ, ಅದೂ ಜೀವ ಐತಿ." ಅಪ್ಪನಿಗೆ ಕೇಳಲಿಲ್ಲ. ಕಾಲುವೆ ಏರಿ ಮೇಲೆ ಅಪ್ಪನ ಶಾಲೆಯ ನಾಲ್ಕು ಹುಡುಗರು ನಿಂತಿದ್ದರು. ಸರ್ ಬಂದರು ಅಂತ ನಮಸ್ಕಾರ ಮಾಡೋಕೆ ನಿಂತವರು. ಎತ್ತಿದ ಕೈ ಹಾಗೇ ಕೆಳಗಿಳಿಸಿದರು.

ಕೊನೆಗೆ ಎಂಟು ಚೀಲ ಕೆಳಗಿಳಿಸಿದರು. ಕೆಂಚ ತಾನೇ ಎದ್ದ. ಮೊದಲೇ ಇಳಿಸಬಹುದಿತ್ತು.

ಮರುದಿನ ಸೋಮವಾರ. ನಾನು ಅಪ್ಪನ ತರಗತಿಯಲ್ಲೇ ಓದುತ್ತಿದ್ದೆ, ಐದನೇ ಇಯತ್ತೆ. ಏರಿ ಮೇಲೆ ನಿಂತಿದ್ದ ಹುಡುಗರಲ್ಲಿ ಒಬ್ಬನನ್ನು ಎಬ್ಬಿಸಿ ಹದಿಮೂರರ ಮಗ್ಗಿ ಹೇಳು ಅಂದ ಅಪ್ಪ. ಮಗ್ಗಿಯಲ್ಲಿ ಅವನೇ ಎಲ್ಲರಿಗಿಂತ ಮುಂದೆ. ಆ ದಿನ ಎಪ್ಪತ್ತೆಂಟಕ್ಕೆ ನಿಂತುಬಿಟ್ಟ. ಅಪ್ಪನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಈಗ ಎಷ್ಟೋ ವರ್ಷದ ಮೇಲೆ, ಇಷ್ಟು ದೂರದಲ್ಲಿ ಕೂತು, ನನಗೆ ಎತ್ತಿನ ರಕ್ತಕ್ಕಿಂತ ಆ ಹುಡುಗನ ಕಣ್ಣೇ ಜಾಸ್ತಿ ನೆನಪಾಗುತ್ತದೆ.

ಗಾಯಕ್ಕೆ ಅಪ್ಪನೇ ಅರಿಶಿನ, ಬೇವಿನೆಣ್ಣೆ ಹಚ್ಚಿದ. ಮಾಯಲು ಒಂದು ತಿಂಗಳು ಬೇಕಾಯಿತು. ಆ ಜಾಗದಲ್ಲಿ ಕೂದಲು ಬೆಳ್ಳಗೆ ಬಂತು. ಆಮೇಲಿನ ವರ್ಷಗಳಲ್ಲಿ ಕಾರ ಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಗೊಟ್ಟ ಹಾಕಿ, ಕೊಂಬಿಗೆ ಬಣ್ಣ ಬಳಿಯುವ ಮೊದಲು, ಅಪ್ಪ ಅಂಗೈಗೆ ಹುರಮಂಜು ತಗೊಂಡು ಆ ಬಿಳಿ ಮಚ್ಚೆಯ ಮೇಲೆ ಒತ್ತುತ್ತಿದ್ದ. ಯಾಕೆ ಅಂತ ನಾವು ಕೇಳಲಿಲ್ಲ. ಅವನೂ ಹೇಳಲಿಲ್ಲ.

ನಮ್ಮ ಕಡೆ ಇದೇ ನನಗೆ ನೋವು. ಕಾರ ಹುಣ್ಣಿಮೆಗೆ ಎತ್ತಿನ ಕಾಲಿಗೆ ಬೀಳುತ್ತೇವೆ, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತಿಗೂ ಹೋಳಿಗೆ ಎಡೆ ಇಡುತ್ತೇವೆ. ಆದರೆ ಮುಳ್ಳುಗೋಲು ನೋಡಿ ಯಾರೂ ಏನೂ ಅನ್ನುವುದಿಲ್ಲ. 1960ರಿಂದ ಪ್ರಾಣಿ ಹಿಂಸೆ ತಡೆಯುವ ಕಾಯಿದೆ ಇದೆ. ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಅಷ್ಟೇ. ಆಗ 50 ರೂಪಾಯಿ ದೊಡ್ಡದು, ಈಗ ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಕೂತು ತಿಂಡಿ ತಿನ್ನೋಕೂ ಸಾಲದು. ಕೊಂದರೆ, ಊನ ಮಾಡಿದರೆ ಮಾತ್ರ 5 ವರ್ಷದವರೆಗೆ ಜೈಲು ಅಂತ ಭಾರತೀಯ ನ್ಯಾಯ ಸಂಹಿತೆ ಹೇಳುತ್ತದೆ.

ಇಲ್ಲಿ ಹಾಗಲ್ಲ. ದನ, ಕುದುರೆ, ಕುರಿಗಳನ್ನು ಹಿಂಸಿಸಬಾರದು ಅಂತ ಈ ದೇಶ 1822ರಲ್ಲೇ ಕಾಯಿದೆ ಮಾಡಿತು. ಎರಡು ವರ್ಷದ ಮೇಲೆ ಪ್ರಾಣಿಗಳಿಗಾಗಿ ಒಂದು ಸಂಘ ಹುಟ್ಟಿತು, ಅದೇ ಇವತ್ತಿನ ಆರ್‌ಎಸ್‌ಪಿಸಿಎ. 2021ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪ್ರಾಣಿ ಹಿಂಸೆಗೆ ಇದ್ದ ಗರಿಷ್ಠ ಶಿಕ್ಷೆಯನ್ನು 6 ತಿಂಗಳಿಂದ 5 ವರ್ಷಕ್ಕೆ ಏರಿಸಿದರು. ಇದನ್ನೆಲ್ಲ ನೋಡಿ ನನಗೆ ನಿಜವಾಗಿ ಗೌರವ ಬರುತ್ತದೆ. ನಮ್ಮ ಕೆಂಚನಿಗೆ ಇಂಥ ಕಾನೂನು ಸಿಗಬೇಕಿತ್ತು ಅನ್ನಿಸುತ್ತದೆ.

ಆದರೆ ಕೆಲಸದ ವಿಷಯ ಬಂದರೆ ಇಲ್ಲಿನ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. 2022ರ ಫೆಬ್ರವರಿಯಲ್ಲಿ ವೆಸ್ಟ್ ಹ್ಯಾಮ್ ತಂಡದ ಫುಟ್‌ಬಾಲ್ ಆಟಗಾರ ಕರ್ಟ್ ಝೂಮಾ ತನ್ನ ಬೆಕ್ಕಿಗೆ ಒದೆಯುವ ವಿಡಿಯೊ ಹೊರಬಂತು. ಮರುದಿನವೇ ಅವನು ಮೈದಾನಕ್ಕಿಳಿದ. ಕ್ಲಬ್ಬು ಎರಡು ವಾರದ ಸಂಬಳ ದಂಡ ಹಾಕಿತು. ಶೂ ಕಂಪನಿ ಅಡಿಡಾಸ್ ಅವನನ್ನು ಬಿಟ್ಟಿತು. ಕೋರ್ಟು 180 ಗಂಟೆ ಸಮಾಜ ಸೇವೆ ಮಾಡು, 5 ವರ್ಷ ಬೆಕ್ಕು ಸಾಕಬೇಡ ಅಂದಿತು. ಕೆಲಸ ಮಾತ್ರ ಉಳಿಯಿತು. ಅದಕ್ಕೆ ಮೂರು ತಿಂಗಳ ಮುಂಚೆ, 2021ರ ನವೆಂಬರಿನಲ್ಲಿ, ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕಿ ರಜೆಯ ದಿನ ತನ್ನ ಕುದುರೆಗೆ ಒದ್ದು ಹೊಡೆದ ವಿಡಿಯೊ ಹರಡಿತ್ತು. ಶಾಲೆಯವರು ಕೆಲಸದಿಂದ ತೆಗೆದರು. 2023ರಲ್ಲಿ ಕೋರ್ಟಿನ ಜ್ಯೂರಿ ಆಕೆ ತಪ್ಪಿತಸ್ಥೆ ಅಲ್ಲ ಅಂದಿತು. ಅಷ್ಟರಲ್ಲಿ ಕೆಲಸ ಹೋಗಿ ಎಷ್ಟೋ ಕಾಲವಾಗಿತ್ತು.

ಫುಟ್‌ಬಾಲ್ ಆಟಗಾರನ ಜಾಗಕ್ಕೆ ಇನ್ನೊಬ್ಬನನ್ನು ತರೋದು ಕಷ್ಟ. ಪಾಠ ಹೇಳುವವಳ ಜಾಗಕ್ಕೆ, ವ್ಯಾನ್ ಓಡಿಸುವವನ ಜಾಗಕ್ಕೆ ನಾಳೆಯೇ ಇನ್ನೊಬ್ಬರು ಸಿಗುತ್ತಾರೆ. ಹೊಡೆತ ಎಷ್ಟು ಜೋರಾಗಿ ಬಿತ್ತು ಅನ್ನೋದನ್ನ ಇಲ್ಲಿ ಯಾರು ತೂಗಿದರು?

ಹಾಗಂತ ಕೆಲಸಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಹೇಳಲೂ ನನಗೆ ಬಾಯಿ ಬರುವುದಿಲ್ಲ. ಎಪ್ಪತ್ತೆಂಟಕ್ಕೆ ನಿಂತ ಆ ಹುಡುಗ ನೆನಪಾಗುತ್ತಾನೆ. ಅಪ್ಪ ಶಾಲೆಯಲ್ಲೂ ಬೆತ್ತ ಹಿಡಿಯುತ್ತಿದ್ದ. ಆಗ ಎಲ್ಲ ಮಾಸ್ತರರೂ ಹಿಡಿಯುತ್ತಿದ್ದರು. ಮಕ್ಕಳಿಗೆ ಹೊಡೆಯಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯಿದೆ ಬರೆದಿಟ್ಟಿತು, ಅಷ್ಟರಲ್ಲಿ ನಾನು ಓದು ಮುಗಿಸಿದ್ದೆ. ಮಕ್ಕಳನ್ನು, ಮುದುಕರನ್ನು, ರೋಗಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಇರುವವರು ಮನೆಯಲ್ಲಿ ಮೂಕಪ್ರಾಣಿಯನ್ನು ಹಿಂಸಿಸಿದರೆ, ಅವರ ಮೇಲೆ ಕಣ್ಣಿಡಬೇಕು. ವಿಚಾರಣೆ ಮಾಡಬೇಕು. ಅಲ್ಲಿಯವರೆಗೆ ಆ ದುರ್ಬಲರಿಂದ ದೂರ ಇಡಬೇಕು. ಇದು ನನಗೆ ಸರಿ ಅನ್ನಿಸುತ್ತದೆ. ವಿಡಿಯೊ ಬಂದ ವಾರದಲ್ಲೇ ಅನ್ನ ಕಿತ್ತುಕೊಳ್ಳೋದು ಸರಿ ಅನ್ನಿಸುವುದಿಲ್ಲ.

ಅಪ್ಪನ ಸಂಬಳದಲ್ಲಿ ಎಂಟು ಜನ ಉಣ್ಣುತ್ತಿದ್ದೆವು. ಅವತ್ತು ಯಾರಾದರೂ ಸಹಿ ಹಾಕಿಸಿ ಅವನ ಕೆಲಸ ತೆಗೆಸಿದ್ದರೆ ನಾನು ಐದನೇ ಇಯತ್ತೆಗೇ ಶಾಲೆ ಬಿಟ್ಟು ಭತ್ತದ ನಾಟಿಗೆ ಹೋಗುತ್ತಿದ್ದೆ. ಈ ದೇಶ ಎಲ್ಲಿ, ನಾನೆಲ್ಲಿ.

ರಾತ್ರಿ ಮಗಳ ಪಕ್ಕ ಮಲಗಿ ಹೇಳಿದೆ. ತಾತನಿಗೆ ಶಿಕ್ಷೆ ಆಗಬೇಕಿತ್ತು, ಕೆಲಸ ಹೋಗಬಾರದಿತ್ತು.

"ಏನ್ ಶಿಕ್ಷೆ?"

"ಕೆಂಚನ್ನ ಅವರಿಂದ ತಗೊಂಡು ಹೋಗಬೇಕಿತ್ತು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ತಾತ ಅಳ್ತಿದ್ರು," ಅಂದಳು.

ಭಾನುವಾರ ಅಜ್ಜಿ ಮತ್ತೆ ಸಿಕ್ಕರು. ಸಹಿ ಮಾಡುವುದಿಲ್ಲ ಅಂತ ಹೇಳಿದೆ, ಕಾರಣವನ್ನೂ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ತಮ್ಮ ನಾಯಿಯ ತಲೆ ಸವರುತ್ತಾ, "ಅವನಿಗೆ ಬಾಯಿದೆ, ಇನ್ನೊಂದು ಕೆಲಸ ಕೇಳಿಕೊಳ್ಳುತ್ತಾನೆ. ಇದಕ್ಕೆ ಕೇಳೋಕೆ ಬಾಯಿ ಎಲ್ಲಿದೆ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಮೊಮ್ಮಗಳು ಕೇಳಿದ್ದನ್ನು ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದ್ದೆ. ಹೇಳಿಬಿಟ್ಟೆ. ಆ ಕಡೆಯಿಂದ ಬಹಳ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳಿತು.

"ನಮ್ಮಲ್ಲೂ ರೂಲ್ ಐತವ್ವ," ಅಂದ ಅಪ್ಪ. "ಸರ್ಕಾರಿ ನೌಕರನ್ನ ನಲವತ್ತೆಂಟು ತಾಸಿಗಿಂತ ಜಾಸ್ತಿ ಒಳಗ ಇಟ್ರ ಸಸ್ಪೆಂಡ್ ಆದಂಗ. ಆದ್ರ ಎತ್ತಿಗೆ ಹೊಡದಾನಂತ ಯಾರನ್ನ ಒಳಗ ಹಾಕ್ಯಾರ? ನನಗ ಯಾರೂ ಏನೂ ಅನ್ನಲಿಲ್ಲ. ನಿಮ್ಮವ್ವ ಒಬ್ಬಾಕಿ ಅಂದಳು." ಮತ್ತೆ ಸುಮ್ಮನಾದ. ಆಮೇಲೆ ಕೇಳಿದ: "ಆ ನಾಯಿ ಈಗ ಎಲ್ಲೈತಿ?"

ನನಗೆ ಗೊತ್ತಿರಲಿಲ್ಲ.

"ಅವನ ಮನ್ಯಾಗ ಐತೇನು? ಕೆಲಸ ತಗದ್ರ ದಿನಾ ಪೂರ್ತಿ ಅವ ಮನ್ಯಾಗ ಇರ್ತಾನಲ್ಲ. ಸಿಟ್ಟಿನ್ಯಾಗ. ಆ ನಾಯಿ ಜೋಡಿ."

ಮುಳ್ಳುಗೋಲು ಹಿಡಿದಿದ್ದವನಿಗೇ ಅದು ಹೊಳೆಯಿತು. ಇಪ್ಪತ್ತಕ್ಕೂ ಜಾಸ್ತಿ ಸಹಿ, ಬೀದಿಯ ಗುಂಪಿನಲ್ಲಿ ನೂರಾರು ಮಾತು, ನನ್ನ ಎರಡು ದಿನದ ಯೋಚನೆ. ಒಬ್ಬರಾದರೂ ಅದನ್ನು ಕೇಳಿರಲಿಲ್ಲ.

ಸೋಮವಾರ ಮಗಳನ್ನು ಶಾಲೆಗೆ ಬಿಟ್ಟು ಬಂದು ಅಜ್ಜಿಯ ಬಾಗಿಲು ಬಡಿದೆ. ನಾಯಿ ಎಲ್ಲಿದೆ ಅಂತ ಕೇಳಿದೆ. ಅವರು ಬಾಯಿ ತೆರೆದರು, ಮತ್ತೆ ಮುಚ್ಚಿದರು. ಮೇಜಿನ ಮೇಲಿದ್ದ ಪತ್ರ ಪಕ್ಕಕ್ಕೆ ಸರಿಸಿ ಕನ್ನಡಕ ಹುಡುಕಿದರು. ಇಬ್ಬರೂ ಕೂತು ಆರ್‌ಎಸ್‌ಪಿಸಿಎ ನಂಬರಿಗೆ ಫೋನ್ ಹಚ್ಚಿದೆವು. ಸರದಿ ಬರುವವರೆಗೆ ಕಾಯಿರಿ ಅಂತ ದನಿ ಬಂತು. ಅಜ್ಜಿ ಫೋನನ್ನು ಸ್ಪೀಕರಿಗೆ ಹಾಕಿ, ಚಹಾಕ್ಕೆ ನೀರಿಟ್ಟರು.